ಕಾಗದದ ಕೊಡೆ

ಒಂದು ಕಾಲದಲ್ಲಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಟ್ರಾನ್ಸಿಸ್ಟರ್ ಎಂದರೆ ರೇಡಿಯೋ ಎಂದೇ ಅರ್ಥವಾಗಿತ್ತು. ವಿದ್ಯುತ್ತಿನ ತಂತಿ ಇನ್ನೂ ತಲುಪದಿದ್ದ ಊರುಗಳಲ್ಲಿ, ಹೊಲದ ಬದುವಿನ ಮೇಲೂ ಚಹದ ಅಂಗಡಿಯ ಬೆಂಚಿನ ಮೇಲೂ ತೊಗಲಿನ ಚೀಲ ತೊಟ್ಟು ಕುಳಿತು ಹಾಡುತ್ತಿದ್ದ ಆ ಪೆಟ್ಟಿಗೆಯೊಳಗೆ, ಟ್ರಾನ್ಸಿಸ್ಟರ್ ಎಂಬುದು ಕಾಳಿನಷ್ಟು ಗಾತ್ರದ ಒಂದು ಭಾಗ ಮಾತ್ರವೆಂದು ತಿಳಿದವರು ಕಡಿಮೆ. ಭಾಗದ ಹೆಸರು ಇಡೀ ಯಂತ್ರಕ್ಕೆ ಅಂಟಿಕೊಂಡುಬಿಟ್ಟಿತು. ಈ ಪೆಟ್ಟಿಗೆಯನ್ನು ಲೋಕದ ಮನೆಮನೆಗೆ ಒಯ್ದವರಲ್ಲಿ ಜಪಾನಿನ ಅಕಿಯೊ ಮೊರಿತಾ ಪ್ರಮುಖರು. ಅವರು ಸರಕಿನ ಪೆಟ್ಟಿಗೆ ಹಿಡಿದು ಹೊರನಾಡಿಗೆ ಹೊರಟಾಗ ಅವರ ಕಂಪೆನಿಯ ಹೆಸರನ್ನು ಅಲ್ಲಿ ಕೇಳಿದವರೇ ಇರಲಿಲ್ಲ. ದೇಶದ ಹೆಸರನ್ನೇನೋ ಎಲ್ಲರೂ ಕೇಳಿದ್ದರು. ಆದರೆ ಕೇಳಿದವರು ತುಟಿಯಂಚಿನಲ್ಲಿ ನಗುತ್ತಿದ್ದರು.

1953ರಲ್ಲಿ ಮೊರಿತಾ ಮೊದಲ ಬಾರಿಗೆ ವಿದೇಶಕ್ಕೆ ಹೋದರು. ಆಗ ಅವರಿಗೆ 32 ವರ್ಷ. ಅಮೆರಿಕದ ಕೆಲಸ ಮುಗಿಸಿ, ಯುರೋಪನ್ನೂ ಒಮ್ಮೆ ಕಂಡು ಹೋಗೋಣವೆಂದು ಜರ್ಮನಿಗೆ ಬಂದರು. ಡ್ಯುಸೆಲ್‌ಡಾರ್ಫ್ ನಗರದಲ್ಲಿ ಕೋನಿಗ್ಸ್‌ಅಲೀ ಎಂಬ ಸೊಗಸಾದ ಬೀದಿಯಿದೆ. ಅಲ್ಲಿನ ಒಂದು ಉಪಾಹಾರ ಗೃಹದಲ್ಲಿ ಕುಳಿತು ಅವರು ಐಸ್‌ಕ್ರೀಮು ತರಿಸಿಕೊಂಡರು. ಬಡಿಸುವವನು ತಂದಿಟ್ಟ ಬಟ್ಟಲಿನಲ್ಲಿ ಐಸ್‌ಕ್ರೀಮಿನ ನೆತ್ತಿಗೆ ಬೆರಳುದ್ದದ ಒಂದು ಕಾಗದದ ಕೊಡೆಯನ್ನು ಸಿಕ್ಕಿಸಿತ್ತು. ಇದು ನಿಮ್ಮ ದೇಶದಿಂದಲೇ ಬಂದದ್ದು ಎಂದು ಆತ ಆದರದಿಂದ ತಿಳಿಸಿದ. ಅತಿಥಿಯನ್ನು ಸಂತೋಷಪಡಿಸುವುದೊಂದೇ ಆ ಬಡಪಾಯಿಯ ಉದ್ದೇಶ. ಆದರೆ ಆ ಮಾತು ಮೊರಿತಾ ಅವರ ಎದೆಗೆ ಮುಳ್ಳಿನಂತೆ ನಾಟಿತು. ಜಪಾನ್ ಎಂದೊಡನೆ ಈ ಲೋಕಕ್ಕೆ ನೆನಪಾಗುವುದು ಕಾಗದದ ಕೊಡೆ, ಅಗ್ಗದ ಆಟಿಕೆ, ನಾಲ್ಕು ದಿನಕ್ಕೆ ಮುರಿಯುವ ಸಾಮಾನು. ಇಂತಹ ಲೋಕಕ್ಕೆ ಸೂಕ್ಷ್ಮ ವಿದ್ಯುದ್ಯಂತ್ರಗಳನ್ನು ಮಾರಲು ತಾವು ಹೊರಟಿರುವುದು! ಐಸ್‌ಕ್ರೀಮು ಎಷ್ಟು ರುಚಿಸಿತೋ ಹೇಳುವಂತಿಲ್ಲ.

ಮೊರಿತಾ ಹುಟ್ಟಿನಿಂದ ಬಡವರಲ್ಲ. ಅವರ ಮನೆತನದವರು ನಗೋಯ ನಗರದ ಸಮೀಪದ ಕೊಸುಗಾಯ ಎಂಬ ಹಳ್ಳಿಯಲ್ಲಿ ತಲೆತಲಾಂತರದಿಂದ ಅಕ್ಕಿಯ ಮದ್ಯವಾದ ಸಾಕೆಯನ್ನು ತಯಾರಿಸುತ್ತಿದ್ದವರು. ಹಿರಿಯ ಮಗನೇ ಗದ್ದಿಗೆಗೆ ಕೂಡಬೇಕೆಂಬುದು ಆ ಮನೆಯ ಕಟ್ಟಳೆ. ಈ ಹಿರಿಯ ಮಗನಾದರೋ ಒಸಾಕಾದಲ್ಲಿ ಭೌತವಿಜ್ಞಾನ ಓದಿ, ಯುದ್ಧಕಾಲದಲ್ಲಿ ಪರಿಚಯವಾದ ಮಸಾರು ಇಬುಕಾ ಎಂಬ ಯಂತ್ರಶಿಲ್ಪಿಯ ಜೊತೆ ಸೇರಿ, 1946ರ ಮೇ ತಿಂಗಳಲ್ಲಿ ಟೋಕಿಯೋದಲ್ಲಿ ಒಂದು ಪುಟ್ಟ ಕಂಪೆನಿಯನ್ನು ಹುಟ್ಟುಹಾಕಿದರು. ಬಾಂಬು ಬಿದ್ದು ಬೂದಿಯಾಗಿದ್ದ ಊರು. ಮೂಲಧನ 1,90,000 ಯೆನ್. ತಂದೆ ಮಗನನ್ನು ಬಿಟ್ಟುಕೊಟ್ಟದ್ದಲ್ಲದೆ ಸಾಲವನ್ನೂ ಕೊಟ್ಟರು. 1950ರಲ್ಲಿ ಕಂಪೆನಿ ಟೇಪ್ ರೆಕಾರ್ಡರನ್ನು ಮಾರುಕಟ್ಟೆಗೆ ತಂದಿತು.

ಎರಡು ವರ್ಷಗಳ ಬಳಿಕ, 1952ರಲ್ಲಿ, ಇಬುಕಾ ಅಮೆರಿಕಕ್ಕೆ ಹೋದರು. ಅಲ್ಲಿನವರು ಟೇಪ್ ರೆಕಾರ್ಡರನ್ನು ಯಾವ ಯಾವ ಕೆಲಸಕ್ಕೆ ಬಳಸುತ್ತಾರೆಂದು ನೋಡಿ ಬರುವುದು ಹೊರಟಾಗಿನ ಉದ್ದೇಶ. ನೋಡಿ ಬಂದದ್ದು ಬೇರೆಯೇ. ಬೆಲ್ ಪ್ರಯೋಗಾಲಯದಲ್ಲಿ 1947ರ ಡಿಸೆಂಬರಿನಲ್ಲಿ ಹುಟ್ಟಿದ ಟ್ರಾನ್ಸಿಸ್ಟರನ್ನು ತಯಾರಿಸುವ ಹಕ್ಕನ್ನು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿ ಹಣ ಕೊಟ್ಟವರಿಗೆ ಕೊಡುತ್ತದೆಂಬ ಸುದ್ದಿ ಅವರ ಕಿವಿಗೆ ಬಿತ್ತು. ಅದೇ ವಿಚಾರ ತಲೆ ತುಂಬಿ, ನ್ಯೂಯಾರ್ಕಿನ ಹೊಟೇಲಿನಲ್ಲಿ ಅವರಿಗೆ ನಿದ್ದೆ ಹತ್ತಲಿಲ್ಲ. ಮರುವರ್ಷ ಮೊರಿತಾ ಹೋದದ್ದು ಆ ಹಕ್ಕಿನ ಕರಾರು ಮಾಡಿಕೊಳ್ಳಲು.

ಅಮೆರಿಕವನ್ನು ಕಂಡು ಮೊರಿತಾ ಬೆರಗಾದರು. ಬೆರಗಿಗಿಂತ ಹೆಚ್ಚಾಗಿ ಅಧೀರರಾದರು. ಆ ವಿಸ್ತಾರ, ಆ ಎತ್ತರದ ಕಟ್ಟಡಗಳು, ಆ ದೂರಗಳು! ಅವರ ಇಂಗ್ಲಿಷು ಆಗ ಇನ್ನೂ ತಡವರಿಸುವ ಇಂಗ್ಲಿಷು. ಇಷ್ಟು ದೊಡ್ಡ ದೇಶದಲ್ಲಿ ತಮ್ಮಂಥವರು ಸರಕು ಮಾರುವುದು ಆಗದ ಹೋಗದ ಮಾತೆಂದು ತೋರಿತು. ಕರಾರು ಮಾಡಿಕೊಟ್ಟ ಕಂಪೆನಿಯವರು ಇನ್ನೊಂದು ಹಿತವಚನವನ್ನೂ ಹೇಳಿದರು: ಟ್ರಾನ್ಸಿಸ್ಟರಿನಿಂದ ಸಾಮಾನ್ಯ ಜನರಿಗಾಗಿ ಮಾಡಬಹುದಾದ ವಸ್ತು ಒಂದೇ, ಅದು ಕಿವುಡರ ಶ್ರವಣಯಂತ್ರ. ಲೋಕದಲ್ಲಿ ಕಿವುಡರು ಎಷ್ಟು ಮಂದಿ? ಇಬುಕಾ ಅವರ ಮನಸ್ಸಿನಲ್ಲಿದ್ದುದು ರೇಡಿಯೋ.

ಜರ್ಮನಿಗೆ ಬಂದರೆ ಅಲ್ಲಿ ಬೇರೊಂದು ಬಗೆಯ ಅಧೈರ್ಯ. ಜಪಾನಿನಂತೆಯೇ ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಆ ದೇಶ ಆಗಲೇ ಎದ್ದು ನಿಂತಿತ್ತು. ಅಲ್ಲಿನ ಮೋಟಾರು ಕಾರ್ಖಾನೆಗಳನ್ನೂ ವಿದ್ಯುತ್ ಕಾರ್ಖಾನೆಗಳನ್ನೂ ಕಂಡಮೇಲೆ ಅವರಿಗೆ ತಮ್ಮ ದೇಶದ ನಡಿಗೆ ಬಹಳ ನಿಧಾನವೆನಿಸಿತು. ಕಾಗದದ ಕೊಡೆಯ ಪ್ರಸಂಗ ನಡೆದದ್ದು ಈ ಮನಃಸ್ಥಿತಿಯಲ್ಲಿ. ಗಾಯದ ಮೇಲೆ ಬರೆ ಎಳೆದಂತಾಯಿತು.

ಅಲ್ಲಿಂದ ಅವರು ರೈಲು ಹತ್ತಿ ಹಾಲೆಂಡಿನ ಐಂಡ್‌ಹೋವನ್ ಎಂಬ ಊರಿಗೆ ಹೋದರು. ಲೋಕಪ್ರಸಿದ್ಧವಾದ ಫಿಲಿಪ್ಸ್ ಕಂಪೆನಿಯ ಊರು ಅದು. ಗಡಿ ದಾಟುತ್ತಿದ್ದಂತೆ ನೋಟವೇ ಬದಲಾಯಿತು. ಚಪ್ಪಟೆಯಾದ ಹಸುರು ಬಯಲು, ಅಲ್ಲಲ್ಲಿ ಗಾಳಿಯಂತ್ರಗಳು, ಎಲ್ಲಿ ನೋಡಿದರೂ ಬೈಸಿಕಲ್ಲುಗಳು. ಹಾಲೆಂಡ್ ಮೇಲುನೋಟಕ್ಕೆ ರೈತರ ದೇಶ. ನಿಲ್ದಾಣದಿಂದ ಹೊರಬಂದರೆ ಎದುರಿಗೆ ಆಂಟನ್ ಫಿಲಿಪ್ಸರ ಪ್ರತಿಮೆ. 1891ರಲ್ಲಿ ವಿದ್ಯುದ್ದೀಪದ ಬುರುಡೆ ತಯಾರಿಸಲು ಆರಂಭವಾದ ಒಂದು ಮನೆತನದ ಉದ್ಯಮ, ಇಂತಹ ಮೂಲೆಯ ಊರಿನಿಂದ ಹೊರಟು ಭೂಮಂಡಲವನ್ನೆಲ್ಲ ವ್ಯಾಪಿಸಿದೆ! ಮೊರಿತಾ ಅವರಿಗೆ ತಮ್ಮ ಹಳ್ಳಿ ಕೊಸುಗಾಯ ನೆನಪಾಯಿತು. ಕಾರ್ಖಾನೆಯಲ್ಲಿ ಅವರನ್ನು ಬರಮಾಡಿಕೊಳ್ಳಲು ದೊಡ್ಡವರಾರೂ ಇರಲಿಲ್ಲ. ಎಲ್ಲ ಪ್ರವಾಸಿಗಳಂತೆ ಒಂದು ಸುತ್ತು ಹಾಕಿ ಬಂದರು. ಆದರೆ ಅಲ್ಲಿಂದ ಇಬುಕಾ ಅವರಿಗೆ ಬರೆದ ಕಾಗದದಲ್ಲಿ, ಇವರಿಂದ ಆಗುವುದಾದರೆ ನಮ್ಮಿಂದಲೂ ಆದೀತು ಎಂಬ ಅರ್ಥದ ಮಾತಿತ್ತು. ಅಮೆರಿಕದ ವೈಭವ ಕೊಡಲಾರದಿದ್ದ ಧೈರ್ಯವನ್ನು ಹಾಲೆಂಡಿನ ಬೈಸಿಕಲ್ಲುಗಳು ಕೊಟ್ಟವೆಂದು ತೋರುತ್ತದೆ.

ಊರಿಗೆ ಮರಳಿದಮೇಲೆ ಬೇರೆ ತೊಡಕು ಕಾದಿತ್ತು. ಹಕ್ಕಿನ ಬೆಲೆ 25,000 ಡಾಲರು. ಡಾಲರಿಗೆ 360 ಯೆನ್ನಿನಂತೆ 90 ಲಕ್ಷ ಯೆನ್. ವಿದೇಶಿ ಹಣ ಜಪಾನಿನಲ್ಲಿ ಆಗ ಬಂಗಾರದಷ್ಟೇ ಅಪೂರ್ವ. ಸರಕಾರದ ಅಪ್ಪಣೆಗೆ ಮೊದಲೇ ಕರಾರಿಗೆ ಸಹಿ ಹಾಕಿದ್ದಕ್ಕೆ ಅಧಿಕಾರಿಗಳು ಸಿಡಿಮಿಡಿಗೊಂಡರು. ಇಷ್ಟು ಚಿಕ್ಕ ಕಂಪೆನಿಗೆ ಇಷ್ಟು ದೊಡ್ಡ ವಿದ್ಯೆ ಏತಕ್ಕೆ ಎಂಬುದು ಅವರ ಸಂಶಯ. ತಿಂಗಳುಗಟ್ಟಲೆ ಅಲೆದು ಬೇಡಿದಮೇಲೆ 1954ರಲ್ಲಿ ಅಪ್ಪಣೆ ದೊರೆಯಿತು. ಅದೇ ವರ್ಷ ಇಬುಕಾ ಅವರೊಡನೆ ಕಜುವೊ ಇವಾಮಾ ಎಂಬವರು ಅಮೆರಿಕಕ್ಕೆ ಹೋದರು. ಅವರು ಮೊರಿತಾ ಅವರ ತಂಗಿಯ ಗಂಡ. ಮೊದಲು ಭೂಕಂಪಗಳನ್ನು ಅಧ್ಯಯನ ಮಾಡುತ್ತಿದ್ದವರು. ಕಾರ್ಖಾನೆಯೊಳಗೆ ಟಿಪ್ಪಣಿ ಬರೆದುಕೊಳ್ಳುವಂತಿರಲಿಲ್ಲ, ಚಿತ್ರ ತೆಗೆಯುವಂತಿರಲಿಲ್ಲ. ಇವಾಮಾ ಹಗಲೆಲ್ಲ ನೋಡಿದ್ದನ್ನು ತಲೆಯಲ್ಲಿ ತುಂಬಿಕೊಂಡು, ಹರಕು ಮುರುಕು ಇಂಗ್ಲಿಷಿನಲ್ಲಿ ಕೇಳಬೇಕಾದ್ದನ್ನೆಲ್ಲ ಕೇಳಿ, ರಾತ್ರಿ ಹೊಟೇಲಿನ ಕೋಣೆಯಲ್ಲಿ ಕುಳಿತು ಯಂತ್ರಗಳ ರೇಖಾಚಿತ್ರ ಸಹಿತ ಪುಟಗಟ್ಟಲೆ ಕಾಗದ ಬರೆದು ಟೋಕಿಯೋಕ್ಕೆ ಕಳುಹಿಸಿದರು. ಆ ಕಾಗದಗಳನ್ನೇ ಗುರುವಾಗಿಟ್ಟುಕೊಂಡು ಇಲ್ಲಿದ್ದವರು ದುಡಿದರು. ಇವಾಮಾ ಸ್ವದೇಶಕ್ಕೆ ಹಿಂದಿರುಗುವ ಮೊದಲೇ ಟೋಕಿಯೋದಲ್ಲಿ ಟ್ರಾನ್ಸಿಸ್ಟರು ಸಿದ್ಧವಾಗಿತ್ತು.

1955ರಲ್ಲಿ ಮೊರಿತಾ ಪುಟ್ಟ ರೇಡಿಯೋ ಒಂದನ್ನು ಹಿಡಿದುಕೊಂಡು ನ್ಯೂಯಾರ್ಕಿಗೆ ಬಂದಿಳಿದರು. ಅದಕ್ಕೆ ಇಟ್ಟಿದ್ದ ಬೆಲೆ 29.95 ಡಾಲರು. ಖರ್ಚಿಗೆ ಕೈಯಲ್ಲಿ ಹೆಚ್ಚು ಡಾಲರುಗಳಿಲ್ಲ. ಅಗ್ಗದ ಹೊಟೇಲಿನಲ್ಲಿ ಇಳಿದುಕೊಂಡು, ಬಿಲ್ಲೆ ಹಾಕಿದರೆ ಗಾಜಿನ ಕಿಂಡಿ ತೆರೆದು ತಿಂಡಿ ಕೊಡುವ ಯಂತ್ರಗಳ ಉಪಾಹಾರ ಗೃಹಗಳಲ್ಲಿ ಊಟ ಮಾಡುತ್ತಿದ್ದರು. ಅಲ್ಲಿ ಬಡಿಸುವವನೊಡನೆ ಮಾತನಾಡುವ ಕಷ್ಟವಿಲ್ಲ, ಭಕ್ಷೀಸಿನ ಲೆಕ್ಕವೂ ಇಲ್ಲ. ಅವರಿಗೆ ಸಲಹೆಗಾರರಾಗಿದ್ದ, ಜಪಾನ್ ಮೂಲದ ಅಮೆರಿಕನ್ನರೊಬ್ಬರು ಇದನ್ನು ಕಂಡು ತಲೆಯಾಡಿಸಿದರು. ಕಂಪೆನಿಯ ಮಾನ ಉಳಿಯಬೇಕಾದರೆ, ಕೀಳು ಹೊಟೇಲಿನ ಒಳ್ಳೆಯ ಕೋಣೆಗಿಂತ ಒಳ್ಳೆಯ ಹೊಟೇಲಿನ ಕೀಳು ಕೋಣೆಯಲ್ಲಿರುವುದು ಮೇಲು; ಒಳ್ಳೆಯ ಕಡೆ ಊಟ ಮಾಡಿ ಊಟದ ಭೇದವನ್ನೂ ಉಪಚಾರದ ಭೇದವನ್ನೂ ತಿಳಿಯಬೇಕು ಎಂಬುದು ಅವರ ಉಪದೇಶ. ಮಿತವ್ಯಯವನ್ನು ಮನೆಯಲ್ಲಿ ಕಲಿತು ಬಂದವರಿಗೆ ಇದು ಕಹಿ ಔಷಧ. ಮೊರಿತಾ ನುಂಗಿದರು.

ಅಂಗಡಿಯಿಂದ ಅಂಗಡಿಗೆ ಅಲೆದಾಟ ಆರಂಭವಾಯಿತು. ಎಲ್ಲಿ ಹೋದರೂ ಒಂದೇ ಪ್ರಶ್ನೆ: ಇಷ್ಟು ಚಿಕ್ಕ ರೇಡಿಯೋ ಯಾರಿಗೆ ಬೇಕು? ಅಮೆರಿಕದಲ್ಲಿ ಮನೆಗಳು ದೊಡ್ಡವು, ಕೋಣೆಗಳು ದೊಡ್ಡವು, ಜನರಿಗೆ ಬೇಕಾದದ್ದು ದೊಡ್ಡ ರೇಡಿಯೋ. ಮೊರಿತಾ ಅದೇ ಮಾತನ್ನು ತಿರುಗಿಸಿ ಹಿಡಿದರು. ಮನೆ ದೊಡ್ಡದಾದ್ದರಿಂದಲೇ ಒಬ್ಬೊಬ್ಬರಿಗೂ ಒಂದೊಂದು ಕೋಣೆಯಿದೆ. ನ್ಯೂಯಾರ್ಕ್ ಒಂದರಲ್ಲೇ 20ಕ್ಕೂ ಹೆಚ್ಚು ಆಕಾಶವಾಣಿ ಕೇಂದ್ರಗಳಿವೆ. ಒಬ್ಬೊಬ್ಬರೂ ತಮಗೆ ಬೇಕಾದ್ದನ್ನು ತಮ್ಮ ಪಾಡಿಗೆ ಕೇಳಬಾರದೇಕೆ? ತರ್ಕವೇನೋ ಚೆನ್ನಾಗಿತ್ತು. ತರ್ಕಕ್ಕೆ ತಲೆದೂಗಿದವರೆಲ್ಲ ಸರಕು ಕೊಳ್ಳುತ್ತಾರೆಂಬ ನಿಯಮವಿಲ್ಲ.

ಇಷ್ಟರಲ್ಲಿ ಬಾಗಿಲು ತಾನಾಗಿ ತೆರೆಯಿತು. ಗಡಿಯಾರಗಳಿಗೆ ಹೆಸರಾದ ಬುಲೋವಾ ಕಂಪೆನಿಯವರು ರೇಡಿಯೋವನ್ನು ಮೆಚ್ಚಿ, ಒಂದಲ್ಲ ಎರಡಲ್ಲ, 1,00,000 ರೇಡಿಯೋ ಬೇಕೆಂದರು. ಮೊರಿತಾ ತಮ್ಮ ಕಿವಿಯನ್ನು ತಾವೇ ನಂಬದಾದರು. ಆ ಒಂದು ವ್ಯಾಪಾರದ ಮೊತ್ತವೇ ಅವರ ಕಂಪೆನಿಯ ಮೂಲಧನದ ಹಲವು ಪಾಲು. ಆದರೆ ಒಂದು ನಿಬಂಧನೆ: ಪೆಟ್ಟಿಗೆಯ ಮೇಲೆ ಬುಲೋವಾ ಹೆಸರಿರಬೇಕು.

ಮೊರಿತಾ ಟೋಕಿಯೋಕ್ಕೆ ತಂತಿ ಕಳುಹಿಸಿದರು: ತಮಗೆ ಇದು ಒಪ್ಪಿಗೆಯಿಲ್ಲ. ಅಲ್ಲಿಂದ ಉತ್ತರ ಬಂತು: ಬಿಡುವಂಥ ಬೇಡಿಕೆ ಇದಲ್ಲ, ನಮ್ಮ ಹೆಸರನ್ನು ಬಲ್ಲವರು ಯಾರಿದ್ದಾರೆ, ಒಪ್ಪಿಕೊಳ್ಳಿ. ಜೊತೆಯವರ ಮಾತು ತಪ್ಪೆಂದು ಹೇಳುವಂತಿಲ್ಲ. ತಿಂಗಳ ಕೊನೆಗೆ ಕೆಲಸಗಾರರಿಗೆ ಸಂಬಳ ಕೊಡಬೇಕಾದ ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಬಾಯಿಗೆ ಬಂದ ತುತ್ತನ್ನು ಕೈಯಾರೆ ತಳ್ಳುವುದು ಜಾಣತನವೋ ಹುಂಬತನವೋ ಆ ಗಳಿಗೆಯಲ್ಲಿ ತಿಳಿಯುವುದಿಲ್ಲ. ಪರದೇಶದ ಕೋಣೆಯಲ್ಲಿ ಒಬ್ಬರೇ ಕುಳಿತು ಅದನ್ನು ನಿರ್ಧರಿಸಬೇಕಾದಾಗ ಪಕ್ಕದಲ್ಲಿ ಕೇಳಲು ಯಾರೂ ಇರುವುದಿಲ್ಲ. ಕಾಗದದ ಕೊಡೆ ಮಾಡಿದವನಿಗೂ ಒಂದು ಹೆಸರಿದ್ದೀತು. ಡ್ಯುಸೆಲ್‌ಡಾರ್ಫಿನಲ್ಲಿ ಅದನ್ನು ಯಾರು ಕೇಳಿದರು? ಹೆಸರಿಲ್ಲದೆ ಮಾರಿದ ಸರಕು ಲಕ್ಷವಾದರೂ ಅಷ್ಟೆ.

ಮೊರಿತಾ ಮತ್ತೆ ಹೋಗಿ, ಕೊಡಲಾಗುವುದಿಲ್ಲವೆಂದು ತಿಳಿಸಿದರು. ಎದುರಿಗಿದ್ದ ಅಧಿಕಾರಿ ಮೊದಲು ಇದನ್ನು ಹುಡುಗಾಟವೆಂದು ಭಾವಿಸಿದ. ನಿಜವೆಂದು ತಿಳಿದಾಗ ಅವನಿಗೆ ಆಶ್ಚರ್ಯ. ತಮ್ಮ ಕಂಪೆನಿಯ ಹೆಸರು 50 ವರ್ಷಗಳ ದುಡಿಮೆಯಿಂದ ಪ್ರಸಿದ್ಧವಾದದ್ದು, ನಿಮ್ಮ ಹೆಸರನ್ನು ಯಾರೂ ಕೇಳಿಲ್ಲ, ನಮ್ಮ ಹೆಸರಿನ ಲಾಭವನ್ನು ಏಕೆ ಬಿಡುತ್ತೀರಿ ಎಂದು ಕೇಳಿದ. 50 ವರ್ಷಗಳ ಹಿಂದೆ ನಿಮ್ಮ ಹೆಸರೂ ನಮ್ಮದರ ಹಾಗೆಯೇ ಇದ್ದಿರಬೇಕು; ಇಂದು ನಾವು ನಮ್ಮ 50 ವರ್ಷಗಳ ಮೊದಲ ಹೆಜ್ಜೆ ಇಡುತ್ತಿದ್ದೇವೆ ಎಂಬುದು ಮೊರಿತಾ ಅವರ ಉತ್ತರದ ಸಾರ. ತಮ್ಮ ವ್ಯಾಪಾರ ಜೀವನದಲ್ಲಿ ಇದಕ್ಕಿಂತ ಒಳ್ಳೆಯ ನಿರ್ಧಾರವನ್ನು ಮಾಡಲಿಲ್ಲವೆಂದು ಅವರು ಮುಂದೆ ಹೇಳುತ್ತಿದ್ದರು.

ಈ ಕಥೆಗೆ ಬಾಲವೊಂದಿದೆ. ಆಗ ಮೊರಿತಾ ತೋರಿಸಲು ತಂದಿದ್ದ ರೇಡಿಯೋ ಟಿಆರ್-52 ಎಂಬ ಮಾದರಿ. ಅದರ ಮುಖದ ಮೇಲೆ ಬಿಳಿಯ ಪ್ಲಾಸ್ಟಿಕ್ ಜಾಲರಿ. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡವನ್ನು ಹೋಲುತ್ತಿದ್ದುದರಿಂದ ಅದಕ್ಕೆ ವಿಶ್ವಸಂಸ್ಥೆಯ ಕಟ್ಟಡವೆಂದೇ ಅಡ್ಡಹೆಸರು ಬಿದ್ದಿತ್ತು. ಹವೆಯ ಕಾವು ಏರುತ್ತಿದ್ದಂತೆ ಆ ಜಾಲರಿ ಸೊಟ್ಟಗಾಗಿ ಪೆಟ್ಟಿಗೆಯಿಂದ ಎದ್ದುಬಂತು! ಆ ಮಾದರಿ ಮಾರುಕಟ್ಟೆಯ ಮುಖವನ್ನೇ ಕಾಣಲಿಲ್ಲ. ಲಕ್ಷ ರೇಡಿಯೋಗಳ ಬೇಡಿಕೆಯನ್ನು ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಮಾನಕ್ಕಾಗಿ ಮಾಡಿದ ತ್ಯಾಗ ಅರಿಯದೆಯೇ ಕಂಪೆನಿಯ ಪ್ರಾಣವನ್ನು ಉಳಿಸಿತು. ಲೋಪವನ್ನು ತಿದ್ದಿ, ಆ ವರ್ಷದ ಆಗಸ್ಟಿನಲ್ಲಿ ಟಿಆರ್-55 ಎಂಬ ರೇಡಿಯೋವನ್ನು ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟರು.

ಅಮೆರಿಕದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಸುಮಾರು 150 ಅಂಗಡಿಗಳಿದ್ದ ಒಂದು ವ್ಯಾಪಾರ ಸಂಸ್ಥೆಯವನು ತಮ್ಮ ಹೆಸರು ಹಾಕಬೇಕೆಂದು ಕೇಳಲಿಲ್ಲ. ಬೆಲೆಯ ಪಟ್ಟಿಯನ್ನಷ್ಟೇ ಕೇಳಿದ: 5,000ಕ್ಕೆ ಎಷ್ಟು, 10,000ಕ್ಕೆ ಎಷ್ಟು, 30,000ಕ್ಕೆ, 50,000ಕ್ಕೆ, 1,00,000ಕ್ಕೆ ಎಷ್ಟು? ಕೇಳಿದ್ದು ನ್ಯಾಯವೇ. ಆದರೆ ಆಗ ಟೋಕಿಯೋದ ಕಾರ್ಖಾನೆಯ ಶಕ್ತಿ ಬಹಳ ಸ್ವಲ್ಪ. ಲಕ್ಷ ರೇಡಿಯೋ ಮಾಡಬೇಕಾದರೆ ಹೊಸ ಕಟ್ಟಡ ಕಟ್ಟಬೇಕು, ಹೊಸ ಯಂತ್ರ ತರಬೇಕು, ಹೊಸ ಜನರನ್ನು ಸೇರಿಸಿಕೊಂಡು ಕೆಲಸ ಕಲಿಸಬೇಕು. ಮರುವರ್ಷ ಆತ ಬೇಡವೆಂದರೆ ಆ ಜನ ಎಲ್ಲಿಗೆ ಹೋಗಬೇಕು? ಬೇಕೆಂದಾಗ ಕರೆದು ಬೇಡವೆಂದಾಗ ಕಳುಹಿಸುವ ವಾಡಿಕೆ ಅವರ ಕಡೆ ಇಲ್ಲ.

ಹೊಟೇಲಿಗೆ ಬಂದು ಮೊರಿತಾ ಕಾಗದದ ಮೇಲೆ ಒಂದು ಗೆರೆ ಎಳೆದರು. ಅದು ಬೋಗುಣಿಯ ಆಕಾರದ ಗೆರೆ. ಎಡಗಡೆ 5,000ಕ್ಕೆ ಮಾಮೂಲು ಬೆಲೆ, 10,000ಕ್ಕೆ ಇಳಿದು ತಳ ಮುಟ್ಟಿತು, 30,000ಕ್ಕೆ ಏರತೊಡಗಿತು, 50,000ಕ್ಕೆ ಮೊದಲಿನ ಬೆಲೆಯನ್ನೂ ಮೀರಿತು, ಲಕ್ಷಕ್ಕೆ ಬಂದಾಗ ಬೋಗುಣಿಯ ಅಂಚನ್ನೂ ದಾಟಿ ಮೇಲೆ ಹೋಯಿತು. ಮರುದಿನ ಇದನ್ನು ಕಂಡ ಆ ಖರೀದಿದಾರನಿಗೆ ದಿಗ್ಭ್ರಮೆ. 30 ವರ್ಷಗಳ ಅನುಭವದಲ್ಲಿ ಹೆಚ್ಚು ಕೊಂಡರೆ ಹೆಚ್ಚು ಬೆಲೆಯೆಂದು ಹೇಳಿದವರನ್ನು ಆತ ಕಂಡಿರಲಿಲ್ಲ. ಬಾಳೆಹಣ್ಣಿನ ಅಂಗಡಿಯಲ್ಲಾದರೂ ಡಜನಿಗಿಂತ ಗೊನೆ ಅಗ್ಗ! ಮೊರಿತಾ ಕಾರಣಗಳನ್ನು ಒಂದೊಂದಾಗಿ ವಿವರಿಸಿದರು. ಆತ ಕೇಳಿ ಮುಗಿಸಿ, ನಕ್ಕು, 10,000 ರೇಡಿಯೋ ಕೊಂಡ. ಬೇಕಾಗಿದ್ದುದೂ ಅಷ್ಟೇ.

ಹೆಸರನ್ನು ಉಳಿಸಿಕೊಂಡದ್ದೇನೋ ಸರಿ. ಆ ಹೆಸರಾದರೂ ಯಾವುದು? ಕಂಪೆನಿಯ ಪೂರ್ಣ ನಾಮಧೇಯ ಟೋಕಿಯೋ ತ್ಸೂಶಿನ್ ಕೋಗ್ಯೋ. ಅದನ್ನು ಒಂದೇ ಉಸುರಿಗೆ ಹೇಳಬಲ್ಲ ಅಮೆರಿಕನ್ನರು ಮೊರಿತಾ ಅವರಿಗೆ ಸಿಕ್ಕಲಿಲ್ಲ. ಕನ್ನಡಿಗರಿಗೂ ಅಷ್ಟು ಸುಲಭವಲ್ಲ. ಮೊರಿತಾ ಮತ್ತು ಇಬುಕಾ ನಿಘಂಟುಗಳನ್ನು ತಿರುವಿ ಹಾಕಿದರು. ಧ್ವನಿ ಎಂಬರ್ಥದ ಸೋನಸ್ ಎಂಬ ಲ್ಯಾಟಿನ್ ಪದ ದೊರೆಯಿತು. ಹುಡುಗರನ್ನು ಅಕ್ಕರೆಯಿಂದ ಕರೆಯುವ ಸನ್ನಿ ಎಂಬ ಇಂಗ್ಲಿಷ್ ಮಾತೂ ಅದಕ್ಕೆ ಹತ್ತಿರವಾಗಿತ್ತು. ಆದರೆ ಜಪಾನೀಯರು ಅದನ್ನು ಸೊನ್-ನಿ ಎಂದು ಓದುತ್ತಾರೆ. ಅವರ ಭಾಷೆಯಲ್ಲಿ ಸೊನ್ ಎಂದರೆ ನಷ್ಟ. ವ್ಯಾಪಾರ ಮಾಡುವವನು ಬಾಗಿಲ ಮೇಲೆ ನಷ್ಟವೆಂದು ಬರೆಸಿಕೊಳ್ಳುವುದುಂಟೆ? ಒಂದು ಅಕ್ಷರವನ್ನು ತೆಗೆದುಹಾಕಿದರು. ಸೋನಿ ಎಂಬ, ಯಾವ ಭಾಷೆಗೂ ಸೇರದ ಪದ ಹುಟ್ಟಿತು. 1955ರಿಂದ ಅದು ರೇಡಿಯೋಗಳ ಮೇಲೆ ಬಂತು. 1958ರ ಜನವರಿಯಲ್ಲಿ ಕಂಪೆನಿಗೂ ಅದೇ ಹೆಸರಾಯಿತು.

ದೇಶದ ಹೆಸರಿನ ವಿಷಯದಲ್ಲಿ ಮಾತ್ರ ಅವರಿಗೆ ಅಳುಕು ಬಹುಕಾಲ ಹೋಗಲಿಲ್ಲ. ಜಪಾನಿನಲ್ಲಿ ತಯಾರಾದದ್ದು ಎಂದು ಸರಕಿನ ಮೇಲೆ ಬರೆಯುವುದು ಕಾನೂನಿನ ಕಟ್ಟಳೆ. ಬರೆದರು, ಆದರೆ ಅಕ್ಷರಗಳನ್ನು ಎಷ್ಟು ಚಿಕ್ಕದು ಮಾಡಬಹುದೋ ಅಷ್ಟು ಚಿಕ್ಕದು ಮಾಡಿದರು. ಒಮ್ಮೆ ಅಮೆರಿಕದ ಸುಂಕದ ಕಟ್ಟೆಯವರು, ಇಷ್ಟು ಸಣ್ಣ ಅಕ್ಷರ ನಡೆಯದೆಂದು ಹೇಳಿ ದೊಡ್ಡದು ಮಾಡಿಸಿದರು. ಈ ಸಣ್ಣತನವನ್ನು ಮೊರಿತಾ ತಾವೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. 1986ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು ಮೇಡ್ ಇನ್ ಜಪಾನ್. ರಕ್ಷಾಪುಟದ ಮೇಲೆ ಆ ಅಕ್ಷರಗಳೇನೂ ಚಿಕ್ಕದಾಗಿರಲಿಲ್ಲ.

1957ರಲ್ಲಿ ಟಿಆರ್-63 ಎಂಬ ಇನ್ನೂ ಪುಟ್ಟ ರೇಡಿಯೋ ಹೊರಬಂತು. ಅಂಗಿಯ ಜೇಬಿನಲ್ಲಿ ಹಿಡಿಯುವ ರೇಡಿಯೋ ಎಂದು ಸಾರಿದರು. ಇಟ್ಟು ನೋಡಿದರೆ ಸಾಧಾರಣ ಜೇಬಿಗಿಂತ ಅದು ಕೂದಲೆಳೆಯಷ್ಟು ದೊಡ್ಡದು. ರೇಡಿಯೋವನ್ನು ಇನ್ನಷ್ಟು ಕುಗ್ಗಿಸುವುದು ಆಗಲಿಲ್ಲ. ಮಾರಾಟಗಾರರಿಗೆ ದೊಡ್ಡ ಜೇಬಿನ ಅಂಗಿಗಳನ್ನು ಹೊಲಿಸಿಕೊಟ್ಟರು. ರೇಡಿಯೋ ಸಲೀಸಾಗಿ ಜೇಬಿಗಿಳಿಯಿತು. ನೋಡಿದವರು ರೇಡಿಯೋವನ್ನು ನೋಡಿದರೇ ಹೊರತು ಜೇಬನ್ನು ಯಾರೂ ಅಳೆಯಲಿಲ್ಲ.

ಅದೇ ರೇಡಿಯೋಗಳು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಒಂದು ಉಗ್ರಾಣದಲ್ಲಿ ಮಾರಾಟಕ್ಕಾಗಿ ಕಾದಿದ್ದವು. 1958ರ ಜನವರಿಯಲ್ಲಿ ಒಂದು ರಾತ್ರಿ ಅಲ್ಲಿಗೆ ಕಳ್ಳರು ನುಗ್ಗಿದರು. ಉಗ್ರಾಣದಲ್ಲಿ ಬೇರೆ ಕಂಪೆನಿಗಳ ಸರಕೂ ಇತ್ತು. ಕಳ್ಳರು ಅದನ್ನು ಮುಟ್ಟದೆ, 4,000 ಸೋನಿ ರೇಡಿಯೋಗಳನ್ನಷ್ಟೇ ಆಯ್ದು ಸಾಗಿಸಿದರು. ಒಂದೊಂದರ ಬೆಲೆ ಸುಮಾರು 40 ಡಾಲರಿನಂತೆ ಒಟ್ಟು 1,60,000 ಡಾಲರು. ಕಂಪೆನಿಗೆ ಹೊಸ ಹೆಸರು ಬಂದ ತಿಂಗಳಲ್ಲೇ ಇಂತಹ ನಷ್ಟ! ಆದರೆ ಪತ್ರಿಕೆಗಳು ಸುದ್ದಿಯನ್ನು ಬಿಡಲಿಲ್ಲ. ಅಂಗೈಯಲ್ಲಿ ಹಿಡಿಯುವ ಈ ರೇಡಿಯೋ ಯಾವುದು, ಕಳ್ಳರು ಇದನ್ನೇ ಏಕೆ ಆರಿಸಿಕೊಂಡರು ಎಂದು ಊರೆಲ್ಲ ಮಾತನಾಡಿಕೊಂಡಿತು. ಬಾಗಿಲಿನಿಂದ ಬಾಗಿಲಿಗೆ ಅಲೆದು ಮೊರಿತಾ ಹೇಳಲು ಹೆಣಗಿದ ಹೆಸರನ್ನು ನ್ಯೂಯಾರ್ಕಿನ ಜನ ಬೆಳಗಿನ ಕಾಫಿಯ ಜೊತೆಗೆ ಓದಿದರು. ಆ ಜಾಹೀರಾತಿಗೆ ಬಿಲ್ಲು ಮಾತ್ರ ಬರಲಿಲ್ಲ.